ಕೆಗೆಲ್ ಮಾಡಿದರೂ ಮೂತ್ರ ಸೋರುವುದು ನಿಂತಿಲ್ಲ, ಆಕ್ಯುಪೇಷನಲ್ ಥೆರಪಿಸ್ಟ್ ಏನು ಮಾಡುತ್ತಾರೆ?

ಪ್ರಶ್ನೆ: ನನಗೆ 44 ವರ್ಷ, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಇಬ್ಬರು ಮಕ್ಕಳು, ಎರಡೂ ನಾರ್ಮಲ್ ಹೆರಿಗೆ. ಎರಡು ವರ್ಷದಿಂದ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಸೋರುತ್ತದೆ. ಈಚೆಗೆ ಮನೆಗೆ ಬಂದು ಬಾಗಿಲ ಬೀಗ ತೆಗೆಯುವಷ್ಟರಲ್ಲಿ ತಡೆದುಕೊಳ್ಳಲು ಆಗುವುದೇ ಇಲ್ಲ. ಶಾಲೆಯ ಶೌಚಾಲಯ ಬಳಸುವ ಹಾಗಿಲ್ಲ. ಅದಕ್ಕೇ ಬೆಳಗಿನ ಕಾಫಿ ಬಿಟ್ಟರೆ ಸಂಜೆವರೆಗೆ ನೀರು ಮುಟ್ಟುವುದಿಲ್ಲ. ಮಲಬದ್ಧತೆ, ಸೊಂಟನೋವು ಇವೆ. ಮೊಬೈಲಿನಲ್ಲಿ ನೋಡಿಕೊಂಡು ನಾಲ್ಕು ತಿಂಗಳು, ಮೂತ್ರ ತಡೆಯುವ ತಳದ ಸ್ನಾಯುಗಳನ್ನು ಹಿಂಡಿ ಬಿಡುವ ಕೆಗೆಲ್ ವ್ಯಾಯಾಮ ಮಾಡಿದೆ. ಕಡಿಮೆಯಾಗುವುದಿರಲಿ, ಕಿಬ್ಬೊಟ್ಟೆ ಬಿಗಿದಂತಾಗಿ ಗಂಡನ ಜೊತೆ ಸೇರುವಾಗಲೂ ನೋವು ಶುರುವಾಗಿದೆ. ಸ್ತ್ರೀರೋಗ ತಜ್ಞರು ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ದೊಡ್ಡ ತೊಂದರೆ ಇಲ್ಲ, ಗರ್ಭಕೋಶ ಸ್ವಲ್ಪ ಇಳಿದಿದೆ ಅಷ್ಟೇ ಎಂದರು. ಪೆಲ್ವಿಕ್ ಆರೋಗ್ಯ ನೋಡುವ ಆಕ್ಯುಪೇಷನಲ್ ಥೆರಪಿಸ್ಟ್ ಬಳಿ ಹೋಗಿ ಎಂದು ಬರೆದುಕೊಟ್ಟಿದ್ದಾರೆ. ಅವರು ಬೆಳವಣಿಗೆ ತಡವಾದ ಮಕ್ಕಳಿಗೆ, ಲಕ್ವ ಹೊಡೆದವರಿಗೆ ಅಲ್ಲವೇ? ನನ್ನ ಅತ್ತಿಗೆ, ಗರ್ಭಕೋಶ ತೆಗೆಸಿಬಿಡು, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಏನು ಮಾಡಲಿ?
ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೇಡಂ, ಮೊದಲು ನಿಮ್ಮ ಅತ್ತಿಗೆಯ ಸಲಹೆ. ಉಳಿದದ್ದೆಲ್ಲ ಮಾಡಿ ನೋಡಿ ಬಿಡಬಹುದಾದ ಕೆಲಸ, ಗರ್ಭಕೋಶ ತೆಗೆಸಿದರೆ ಮತ್ತೆ ತಂದಿಡಲಾಗದು. ಮೂತ್ರವನ್ನು ಹಿಡಿದಿಡುವುದು ಗರ್ಭಕೋಶದ ಕೆಲಸವೇ ಅಲ್ಲ. ಅದನ್ನು ಮಾಡುವುದು ಮೂತ್ರನಾಳದ ಸುತ್ತ ಇರುವ ಸ್ನಾಯು, ಮತ್ತೆ ಅದರ ಕೆಳಗೆ ಆಸರೆಯಾಗಿರುವ ತಳದ ಸ್ನಾಯುಗಳು. ಗೆಡ್ಡೆ, ಕ್ಯಾನ್ಸರ್, ಔಷಧಕ್ಕೆ ಬಗ್ಗದ ರಕ್ತಸ್ರಾವ, ಪೂರ್ತಿ ಹೊರಬಂದ ಗರ್ಭಕೋಶ ಇವಕ್ಕೆ ಆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೆಮ್ಮಿದಾಗ ಸೋರುತ್ತದೆ ಎಂಬ ಕಾರಣಕ್ಕೆ ಬೇಡ. ಕೆಲವರಲ್ಲಿ ಗರ್ಭಕೋಶ ತೆಗೆಸಿದ ಮೇಲೆಯೇ ಸೋರಿಕೆ ಶುರುವಾದದ್ದುಂಟು. ಬಿಳುಪು ಹೋಗುತ್ತದೆ, ಸೊಂಟ ನೋಯುತ್ತದೆ ಎಂದರೂ ನಮ್ಮ ಕಡೆ ಇದೇ ಸಲಹೆ ಸಲೀಸಾಗಿ ಬರುತ್ತದೆ, ಆ ಧಾರಾಳತನ ನನಗೆ ಹಿಡಿಸದು.

ಆಕ್ಯುಪೇಷನಲ್ ಥೆರಪಿ ಮಕ್ಕಳಿಗೆ, ಲಕ್ವದವರಿಗೆ ಎಂದು ನೀವು ಅಂದುಕೊಂಡಿರುವುದು ಸಹಜ, ಹೆಚ್ಚಿನ ಕೆಲಸ ಅಲ್ಲೇ ನಡೆಯುತ್ತದೆ. 1950ರಲ್ಲಿ ಕಮಲಾ ನಿಂಬ್ಕರ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದೇಶದಲ್ಲೇ ಇದರ ಮೊದಲ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವೂ ಆಯಿತು. ನಮ್ಮಲ್ಲಿ ಮಣಿಪಾಲದಲ್ಲಿ ಈ ಕೋರ್ಸ್ ಇದೆ. ಆಗಿನಿಂದಲೂ ಈ ವೃತ್ತಿಯವರಾದ ನಾವು ಕೇಳುವುದು ಒಂದೇ: ಈ ಮನುಷ್ಯ ದಿನವಿಡೀ ಮಾಡಬೇಕಾದ ಕೆಲಸಗಳಲ್ಲಿ ಯಾವುದು ಆಗುತ್ತಿಲ್ಲ, ಎಲ್ಲಿ ತೊಡಕು? ಲಕ್ವ ಹೊಡೆದವರ ಮನೆಯವರು ಮೊದಲು ಕೇಳುವುದೂ ಕಕ್ಕಸಿಗೆ ಹೇಗೆ ಕರೆದುಕೊಂಡು ಹೋಗುವುದು ಎಂದೇ. ಸ್ನಾನ, ಶೌಚ, ಅಡುಗೆ, ನಿದ್ದೆ, ದಾಂಪತ್ಯ, ನೌಕರಿ ಎಲ್ಲವೂ ನಮ್ಮ ಪಟ್ಟಿಯಲ್ಲಿವೆ. ಪೆಲ್ವಿಕ್ ಆರೋಗ್ಯ, ಅಂದರೆ ಕಿಬ್ಬೊಟ್ಟೆಯ ತಳದ ಅಂಗ, ಸ್ನಾಯುಗಳ ಆರೋಗ್ಯ, ಅದರೊಳಗಿನ ಒಂದು ವಿಶೇಷ ಕವಲು, ಅದಕ್ಕೆ ಪದವಿಯ ಮೇಲೆ ಬೇರೆ ತರಬೇತಿ ಬೇಕು. ಅದೇ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳೂ ಇದ್ದಾರೆ, ನಿಜ ಹೇಳಬೇಕೆಂದರೆ ನಮ್ಮ ರಾಜ್ಯದಲ್ಲಿ ಅವರೇ ಹೆಚ್ಚು. ಹತ್ತಿರದಲ್ಲಿ ಅವರು ಸಿಕ್ಕರೆ ಅವರ ಬಳಿಗೇ ಹೋಗಿ. ಬೋರ್ಡಿನ ಮೇಲಿನ ಪದವಿಗಿಂತ, ಪೆಲ್ವಿಕ್ ಫ್ಲೋರ್‌ನ (ಆ ತಳದ ಸ್ನಾಯುಗಳ) ಪರೀಕ್ಷೆ ಮಾಡಲು ಕಲಿತಿದ್ದೀರಾ ಎಂದು ಫೋನಿನಲ್ಲೇ ಕೇಳಿಕೊಳ್ಳುವುದು ಮುಖ್ಯ.

ಈಗ ದೇಹದ ವಿಷಯ. ಮುಂದೆ ಜಘನದ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ ಸ್ನಾಯುಗಳ ಒಂದು ಹಾಸು, ಕೂಸನ್ನು ಮಲಗಿಸುವ ಸೀರೆಯ ಜೋಲಿಯ ಹಾಗೆ, ಇಳಿಬಿದ್ದಿದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಅದೇ ಆಸರೆ. ಅದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಉಸಿರು ಒಳಗೆ ಎಳೆದಾಗ ಎದೆಯ ಕೆಳಗಿನ ಸ್ನಾಯುವಿನ ಪರದೆ, ವಪೆ, ಇಳಿಯುತ್ತದೆ, ಅದರೊಂದಿಗೆ ಈ ತಳವೂ ತುಸು ಇಳಿಯುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇರುತ್ತವೆ. ಹೊಟ್ಟೆಯ ಆಳದ ಸ್ನಾಯು, ಬೆನ್ನುಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳೂ ಇವರ ಜೊತೆಗಾರರು. ನಿಮ್ಮ ಸೊಂಟನೋವು, ಮಲಬದ್ಧತೆ, ಸೋರಿಕೆ, ಸೇರುವಾಗಿನ ನೋವು ನಾಲ್ಕು ಬೇರೆ ಬೇರೆ ಕಾಯಿಲೆ ಅಂದುಕೊಂಡು ನೀವು ನಾಲ್ಕು ಬಾಗಿಲು ತಟ್ಟಿದ್ದರೂ ಆಶ್ಚರ್ಯವಿಲ್ಲ. ಇವು ನಾಲ್ಕಕ್ಕೂ ಬೇರು ಒಂದೇ ಇರುವ ಸಾಧ್ಯತೆ ಬಹಳ.

ಹಾಗಾದರೆ ಕೆಗೆಲ್ ಏಕೆ ಕೈಕೊಟ್ಟಿತು? ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ ಹೆಂಗಸರಿಗೆ ಬಾಯಿಮಾತಿನಲ್ಲಿ ಹೇಳಿ ಮನೆಗೆ ಕಳಿಸಿರಲಿಲ್ಲ. ಸ್ನಾಯು ಎಷ್ಟು ಹಿಂಡುತ್ತಿದೆ ಎಂದು ತೋರಿಸುವ ಒಂದು ಉಪಕರಣ ಇಟ್ಟುಕೊಂಡು ಒಬ್ಬೊಬ್ಬರಿಗೂ ಕಲಿಸುತ್ತಿದ್ದರು. ಆಮೇಲೆ ವ್ಯಾಯಾಮ ಉಳಿಯಿತು, ಕಲಿಸುವುದು ಹೋಯಿತು. 1991ರಲ್ಲಿ ಅಲ್ಲಿಯೇ ನಡೆದ ಒಂದು ಅಧ್ಯಯನದಲ್ಲಿ 47 ಹೆಂಗಸರಿಗೆ ಬರೀ ಮಾತಿನಲ್ಲಿ ವಿವರಿಸಿ ಮಾಡಿಸಿ ನೋಡಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಾತ್ರ. ಕಾಲುಭಾಗ ಹೆಂಗಸರು ಮಾಡುತ್ತಿದ್ದ ರೀತಿ ಸೋರಿಕೆಯನ್ನು ಇನ್ನೂ ಹೆಚ್ಚಿಸುವಂಥದ್ದಾಗಿತ್ತು. ಮೇಲಕ್ಕೆ ಎಳೆದುಕೊಳ್ಳುವ ಬದಲು ಉಸಿರು ಕಟ್ಟಿ ಕೆಳಕ್ಕೆ ಮುಕ್ಕುವುದು ಸಾಮಾನ್ಯ ತಪ್ಪು. ಪೃಷ್ಠ, ತೊಡೆ ಬಿಗಿದು ಅದನ್ನೇ ಕೆಗೆಲ್ ಅಂದುಕೊಳ್ಳುವುದು ಇನ್ನೊಂದು.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಕಿಬ್ಬೊಟ್ಟೆಯ ಬಿಗಿತ, ಸೇರುವಾಗಿನ ನೋವು, ಮಲಬದ್ಧತೆ ಮೂರೂ ಒಟ್ಟಿಗೆ ಬಂದಿರುವುದು. ಸೋರುತ್ತಿದೆ ಎಂದರೆ ಸ್ನಾಯು ಸಡಿಲವಾಗಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಯಾವಾಗಲೂ ಬಿಗಿದೇ ಇರುವ ಸ್ನಾಯುವೂ ಸೋರಲು ಬಿಡುತ್ತದೆ. ಅದು ಮೊದಲೇ ಹಿಂಡಿಕೊಂಡಿರುವುದರಿಂದ, ಕೆಮ್ಮು ಬಂದ ಗಳಿಗೆಯಲ್ಲಿ ಇನ್ನಷ್ಟು ಹಿಂಡಲು ಅದರ ಬಳಿ ಬಲ ಉಳಿದಿರುವುದಿಲ್ಲ. ಅಂಥವರು ದಿನಕ್ಕೆ ನೂರು ಕೆಗೆಲ್ ಮಾಡಿದರೆ ನೋವು ಹೆಚ್ಚುತ್ತದೆ, ಸೋರಿಕೆ ಹಾಗೇ ಇರುತ್ತದೆ. ಕಾಗದ ಓದಿ ಇದನ್ನು ಖಚಿತವಾಗಿ ಹೇಳಲಾಗದು, ಪರೀಕ್ಷೆ ಆಗಲೇಬೇಕು. ಅಲ್ಲಿಯವರೆಗೆ ಮೊಬೈಲಿನ ಕೆಗೆಲ್ ನಿಲ್ಲಿಸಿಬಿಡಿ.

ಪರೀಕ್ಷೆ ಎಂದ ಕೂಡಲೇ ಹೆದರಬೇಡಿ. ಮೊದಲ ಭೇಟಿಯ ಬಹುಪಾಲು ಮಾತಿನಲ್ಲೇ ಕಳೆಯುತ್ತದೆ. ಎಷ್ಟು ಹೊತ್ತಿಗೆ ಏಳುತ್ತೀರಿ, ಬಸ್ಸಿನಲ್ಲಿ ಎಷ್ಟು ಹೊತ್ತು, ಮನೆಯಲ್ಲಿ ಯಾವ ತರಹದ ಕಕ್ಕಸು, ಹೆರಿಗೆಯಲ್ಲಿ ಹೊಲಿಗೆ ಬಿದ್ದಿತ್ತೇ, ಮುಟ್ಟು ಏರುಪೇರಾಗಿದೆಯೇ ಎಂದೆಲ್ಲ ಕೇಳುತ್ತಾರೆ. ಒಳಗಿನ ಪರೀಕ್ಷೆ ಬೇಕೆನಿಸಿದರೆ ಏಕೆ ಎಂದು ಹೇಳಿ, ನಿಮ್ಮ ಒಪ್ಪಿಗೆ ಕೇಳಿಯೇ ಮಾಡಬೇಕು. ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ನಡುವೆ ಸಾಕು ಎಂದರೂ ನಿಲ್ಲಿಸಬೇಕು. ಇದು ನಿಮ್ಮ ಹಕ್ಕು.

ನಾನಾಗಿದ್ದರೆ ಆ ದಿನ ನಿಮ್ಮಿಂದ ಒಂದು ಕೆಲಸ ಮಾಡಿಸುತ್ತಿದ್ದೆ. ನೆಲದ ಮೇಲೆ ನಲವತ್ತು ನೋಟ್‌ಬುಕ್ಕಿನ ಕಟ್ಟು ಇಟ್ಟು, ಶಾಲೆಯಲ್ಲಿ ಎತ್ತುವ ಹಾಗೆಯೇ ಎತ್ತಿ ಮೇಜಿನ ಮೇಲಿಡಿ ಎನ್ನುತ್ತಿದ್ದೆ. ಹೆಚ್ಚಿನವರು ಮಂಡಿ ಬಗ್ಗಿಸದೆ ಸೊಂಟದಿಂದ ಬಾಗುತ್ತಾರೆ, ಕಟ್ಟು ಮೈಗೆ ದೂರವಿರುತ್ತದೆ, ಎತ್ತುವ ಕ್ಷಣಕ್ಕೆ ಸರಿಯಾಗಿ ಉಸಿರು ಕಟ್ಟಿ ಹೊಟ್ಟೆಯನ್ನು ಒಳಗೆ ಎಳೆದು ಬಿಗಿಯುತ್ತಾರೆ. ಮೇಲಿನ ದಾರಿ ಮುಚ್ಚಿ, ಹೊಟ್ಟೆ ಬಿಗಿದರೆ ಒತ್ತಡ ಹೋಗುವುದು ಕೆಳಕ್ಕೇ. ಈ ಎತ್ತುವಿಕೆ ದಿನಕ್ಕೆ ಎಷ್ಟು ಸಲ! ನೀರಿನ ಬಕೆಟ್ಟು, ನೆನೆಸಿದ ಬಟ್ಟೆಯ ಟಬ್ಬು, ದೋಸೆಹಿಟ್ಟಿನ ಗ್ರೈಂಡರ್ ಕಲ್ಲು, ತುಂಬಿದ ಗ್ಯಾಸ್ ಸಿಲಿಂಡರು. ಬೆಳಿಗ್ಗೆ ಹತ್ತು ನಿಮಿಷ ವ್ಯಾಯಾಮ ಮಾಡಿ ಉಳಿದ ಹದಿನಾರು ಗಂಟೆ ತಳವನ್ನು ಕೆಳಕ್ಕೆ ತಳ್ಳುತ್ತಿದ್ದರೆ ವ್ಯಾಯಾಮ ತಾನೇ ಏನು ಮಾಡೀತು? ಅದಕ್ಕೇ ನಾವು ಸ್ನಾಯುವಿಗಿಂತ ದಿನಚರಿಗೆ ಮೊದಲು ಕೈ ಹಾಕುತ್ತೇವೆ. ಭಾರವನ್ನು ಮೈಗೆ ಹತ್ತಿರ ತನ್ನಿ, ಮಂಡಿ ಬಗ್ಗಿಸಿ, ಎತ್ತುವ ಮುನ್ನ ಉಸಿರು ತೆಗೆದುಕೊಂಡು, ಎತ್ತುತ್ತಾ ಊದಿದ ಹಾಗೆ ಬಿಡಿ. ಬಕೆಟ್ಟು ಅರ್ಧ ತುಂಬಿಸಿ ಎರಡು ಸಲ ಹೋಗಿ. ಟಬ್ಬನ್ನು ನೆಲದ ಬದಲು ಸ್ಟೂಲಿನ ಮೇಲಿಡಿ. ಕೆಮ್ಮು, ಸೀನು ಬರುವ ಮುನ್ಸೂಚನೆ ಸಿಕ್ಕ ಕೂಡಲೇ ತಳವನ್ನು ಮೇಲಕ್ಕೆ ಎಳೆದು ಹಿಡಿದು, ಕೆಮ್ಮಿ ಆದಮೇಲೆ ಪೂರ್ತಿ ಸಡಿಲ ಬಿಡುವ ಒಂದು ಉಪಾಯವಿದೆ. ಎಳೆಯುವ ರೀತಿ ಸರಿ ಇದೆ ಎಂದು ಥೆರಪಿಸ್ಟ್ ನೋಡಿದ ಮೇಲೆ ಅದನ್ನು ಶುರು ಮಾಡಿ, ಬಹಳ ಜನಕ್ಕೆ ಬೇಗ ಗುಣ ಕಾಣುವುದು ಅದರಲ್ಲೇ.

ನೀರಿನ ವಿಷಯಕ್ಕೆ ಬರೋಣ. ನೀರು ಕುಡಿಯದಿದ್ದರೆ ಸೋರುವುದಿಲ್ಲ ಎಂಬ ಲೆಕ್ಕ ಮೇಲುನೋಟಕ್ಕೆ ಸರಿ, ದೇಹದೊಳಗೆ ತಲೆಕೆಳಗು. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶವನ್ನು ಕೆಣಕುತ್ತದೆ, ಸ್ವಲ್ಪವೇ ತುಂಬಿದ್ದರೂ ಅವಸರ ಮಾಡುತ್ತದೆ. ಮಲ ಒಣಗಿ ಗಟ್ಟಿಯಾಗುತ್ತದೆ, ಅದನ್ನು ಮುಕ್ಕಿ ಹೊರಹಾಕುವಾಗ ತಳದ ಮೇಲೆ ಬೀಳುವ ಒತ್ತಡ ಕೆಮ್ಮಿಗಿಂತ ಕಡಿಮೆಯಲ್ಲ. ಉರಿಮೂತ್ರದ ಸೋಂಕಿಗೂ ದಾರಿ. ಮೇಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ, ಅದರ ಕೆಫೀನ್ ಕೂಡ ಅವಸರ ಹೆಚ್ಚಿಸುವ ಪೈಕಿಯೇ. ಬೇರೆ ಕಾಯಿಲೆ ಇಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಸಾಕು, ಮಜ್ಜಿಗೆ, ಸಾರು ಸೇರಿ. ಸಂಜೆ ಮನೆಗೆ ಬಂದು ಒಮ್ಮೆಲೇ ಒಂದು ಚೊಂಬು ಗಟಗಟ ಕುಡಿಯುವುದರಿಂದ ಲಾಭವಿಲ್ಲ, ಹೊತ್ತು ಹೊತ್ತಿಗೆ ಅರ್ಧ ಲೋಟದಂತೆ ಕುಡಿಯಿರಿ.

ಕುಡಿದರೆ ಹೋಗಬೇಕಲ್ಲ, ಎಲ್ಲಿಗೆ? ಇದಕ್ಕೆ ಉತ್ತರ ಕೊಡದೆ ನೀರು ಕುಡಿಯಿರಿ ಎಂದಷ್ಟೇ ಹೇಳುವ ಸಲಹೆಗೆ ಬೆಲೆಯಿಲ್ಲ. ಶಾಲೆಯ ಶೌಚಾಲಯದಲ್ಲಿ ಏನು ಕೊರತೆ ಎಂದು ಬಿಡಿಸಿ ನೋಡಿ. ಚಿಲಕ ಇಲ್ಲವೇ, ನೀರಿಲ್ಲವೇ, ಮಕ್ಕಳ ಕಣ್ಣೆದುರೇ ಹೋಗಬೇಕಾದ ಸಂಕೋಚವೇ, ಗಲೀಜೇ? ಚಿಲಕ, ಒಂದು ಬಕೆಟ್ಟು, ಒಂದು ಮಗ್ಗು ಮುಖ್ಯ ಶಿಕ್ಷಕರ ಮಟ್ಟದಲ್ಲೇ ಆಗುವ ಕೆಲಸ. ನಲ್ಲಿ, ಗುಂಡಿ ಇತ್ಯಾದಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಬೇಕು. ನಿಮ್ಮ ಜೊತೆಯ ಶಿಕ್ಷಕಿಯರೂ ಬಾಯಿ ಒಣಗಿಸಿಕೊಂಡೇ ಪಾಠ ಮಾಡುತ್ತಿರಬಹುದು, ಕೇಳಿ ನೋಡಿ, ಇಬ್ಬರು ಮೂವರು ಒಟ್ಟಾಗಿ ಹೇಳಿದರೆ ಮಾತಿಗೆ ತೂಕ ಬರುತ್ತದೆ. ದೊಡ್ಡ ತರಗತಿಯ ಹುಡುಗಿಯರಿಗೂ ಅದೇ ಕಕ್ಕಸು ಎಂಬುದನ್ನು ಸಭೆಯಲ್ಲಿ ನೆನಪಿಸಿ. ಬೇಕಾದರೆ ಥೆರಪಿಸ್ಟ್ ಒಂದು ಪತ್ರ ಬರೆದುಕೊಡುತ್ತಾರೆ, ಅದೂ ನಮ್ಮ ಕೆಲಸದ ಭಾಗ.

ಸಾಮಾನ್ಯವಾಗಿ ಮೂತ್ರಕೋಶ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. 150–200 ಆದಾಗಲೇ ಮೊದಲ ಸೂಚನೆ ಬರುತ್ತದೆ, ಅದಕ್ಕೆ ಓಡಬೇಕಿಲ್ಲ. ಎರಡೂವರೆಯಿಂದ ನಾಲ್ಕು ಗಂಟೆಗೊಮ್ಮೆ ಹೋದರೆ ಸರಿ. ನೀವು ಎಂಟು ಗಂಟೆ ಕಟ್ಟಿಕೊಳ್ಳುತ್ತೀರಿ. ಇದಕ್ಕೆ ಹೆದರಿ, ಇರಲಿ ಎಂದು ಗಂಟೆಗೊಮ್ಮೆ ಹೋಗುವ ಅಭ್ಯಾಸ ಮಾಡಿಕೊಂಡರೆ ಅದೂ ಕೆಡುಕೇ, ಮೂತ್ರಕೋಶ ಸ್ವಲ್ಪಕ್ಕೇ ಗಲಾಟೆ ಮಾಡಲು ಕಲಿಯುತ್ತದೆ. ಮನೆ ಬಿಡುವ ಮುನ್ನ, ಹನ್ನೊಂದೂವರೆಯ ಬಿಡುವು, ಊಟದ ನಂತರ, ಬಸ್ಸು ಹತ್ತುವ ಮುನ್ನ, ಇಷ್ಟು ಸಾಕು. ಗಲೀಜು ಎಂದು ಕಮೋಡಿನ ಮೇಲೆ ಅರೆಬಾಗಿ ನಿಂತು ಹೋಗಬೇಡಿ, ಆ ಭಂಗಿಯಲ್ಲಿ ತಳ ಸಡಿಲವಾಗದೆ ಸ್ವಲ್ಪ ಒಳಗೇ ಉಳಿಯುತ್ತದೆ. ಪೂರ್ತಿ ಕೂರಿ, ಅಥವಾ ನೆಲದ ಕಕ್ಕಸಿನಲ್ಲಿ ಪೂರ್ತಿ ಕುಕ್ಕುರುಗಾಲಿನಲ್ಲಿ ಕೂರಿ. ಮುಕ್ಕಿ ಬೇಗ ಮುಗಿಸುವುದೂ ಬೇಡ, ಮೂತ್ರ ತಾನಾಗಿ ಬರಬೇಕು.

ಬೀಗ ತೆಗೆಯುವಾಗ ತಡೆಯಲಾಗದಿರುವುದು ಬೇರೆಯೇ ಬಗೆಯ ಸೋರಿಕೆ. ಕೆಮ್ಮಿನದು ಒತ್ತಡದಿಂದ, ಇದು ಅವಸರದಿಂದ. ನಿಮ್ಮಲ್ಲಿ ಎರಡೂ ಇವೆ. ಮನೆ ಬಾಗಿಲು ಕಂಡೊಡನೆ ಮೂತ್ರಕೋಶ ಹಿಂಡಲು ಶುರುಮಾಡುವುದು ಎಷ್ಟೋ ಜನರಲ್ಲಿ ಕಾಣುತ್ತದೆ, ದಿನಾ ಅದೇ ಬಾಗಿಲು, ಅದೇ ಓಟ, ಮೆದುಳು ಎರಡನ್ನೂ ಜೋಡಿಸಿಕೊಂಡಿದೆ. ಓಡಿದರೆ ಹೊಟ್ಟೆಯ ಒತ್ತಡ ಹೆಚ್ಚಿ ದಾರಿಯಲ್ಲೇ ಆಗಿಬಿಡುತ್ತದೆ. ಗೇಟಿನ ಬಳಿಯೇ ನಿಂತುಬಿಡಿ. ಚೀಲ ಕೆಳಗಿಡಿ. ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುತ್ತಾ, ಉಸಿರನ್ನು ಉದ್ದಕ್ಕೆ ಬಿಡುತ್ತಾ, ಏಳರ ಮಗ್ಗಿಯನ್ನು ಹಿಂದಿನಿಂದ ಹೇಳಿಕೊಳ್ಳಿ. ಅವಸರ ಅಲೆಯಂತೆ ಏರಿ ಇಳಿಯುತ್ತದೆ, ಇಳಿದ ಮೇಲೆ ನಡೆದು ಹೋಗಿ. ಮೊದಲ ವಾರ ಒಂದೆರಡು ಸಲ ಕೈಮೀರಬಹುದು. ಈ ತರಬೇತಿಗೆ ಕಡಿಮೆಯೆಂದರೂ ಆರು ವಾರ ಬೇಕು.

ಮಲಬದ್ಧತೆಯನ್ನು ಡಾಕ್ಟರು ಒಂದು ಮಾತ್ರೆಯಲ್ಲಿ ಮುಗಿಸಿರಬಹುದು. ನಾನು ಕೇಳುವುದು ಬೆಳಗಿನ ತಿಂಡಿ ಆದ ಅರ್ಧ ಗಂಟೆಯಲ್ಲಿ ನೀವು ಎಲ್ಲಿರುತ್ತೀರಿ ಎಂದು. ಹೊಟ್ಟೆಗೆ ಆಹಾರ ಬಿದ್ದಾಗ ಕರುಳು ತಾನಾಗಿ ಚಲಿಸುತ್ತದೆ, ದಿನದಲ್ಲೇ ಅದು ಒಳ್ಳೆಯ ಹೊತ್ತು. ಆ ಹೊತ್ತಿನಲ್ಲಿ ನೀವು ಮಕ್ಕಳ ಡಬ್ಬಿ ಕಟ್ಟುತ್ತಾ, ಬಸ್ಸಿಗೆ ಓಡುತ್ತಾ ಇರುತ್ತೀರಿ ಎಂದು ಊಹಿಸಬಲ್ಲೆ. ಹತ್ತು ನಿಮಿಷ ಅಲ್ಲಿ ಬಿಡುವು ಮಾಡಿಕೊಳ್ಳಬೇಕು, ಅದಕ್ಕಾಗಿ ಡಬ್ಬಿ ಕಟ್ಟುವುದು ಮನೆಯಲ್ಲಿ ಬೇರೆಯವರ ಪಾಲಿಗೆ ಹೋಗಬೇಕು. ಯಜಮಾನರನ್ನೂ ಒಂದು ಭೇಟಿಗೆ ಕರೆತನ್ನಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಿ ಕಮೋಡಿದ್ದರೆ ಕಾಲಡಿ ಒಂದು ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಮೇಲಿರುವಂತೆ ಮಾಡಿ, ಮುಂದಕ್ಕೆ ಬಾಗಿ. ಗುದನಾಳವನ್ನು ಮಡಚಿ ಹಿಡಿದಿರುವ ಸ್ನಾಯು ಆಗ ಬಿಡುತ್ತದೆ. ಸೊಪ್ಪು, ಮೊಳಕೆ ಕಾಳು, ರಾಗಿ ನಿಮ್ಮ ಕಡೆ ಊಟದಲ್ಲೇ ಇವೆ, ನೀರೊಂದು ಸೇರಬೇಕು.

ಬಿಗಿತ ಇದೆ ಎಂದು ಪರೀಕ್ಷೆಯಲ್ಲಿ ಕಂಡರೆ ಮೊದಲ ಕೆಲವು ವಾರ ಹಿಂಡುವುದನ್ನೇ ಕಲಿಸುವುದಿಲ್ಲ, ಬಿಡುವುದನ್ನು ಕಲಿಸುತ್ತಾರೆ. ಅಂಗಾತ ಮಲಗಿ ಕಾಲುಗಳನ್ನು ಕುರ್ಚಿಯ ಮೇಲಿಟ್ಟು, ಪಕ್ಕೆಲುಬು, ಬೆನ್ನಿನವರೆಗೆ ಉಸಿರು ತುಂಬಿ, ತಳ ಇಳಿಯುವುದನ್ನು ಗಮನಿಸುವುದು ಹೀಗೊಂದು ಅಭ್ಯಾಸ. ಮೊದಮೊದಲು ಏನೂ ತಿಳಿಯುವುದಿಲ್ಲ, ಬೇಸರ ಪಡಬೇಡಿ. ಅದು ಬಂದ ಮೇಲೆ ಹಿಂಡುವ ವ್ಯಾಯಾಮ: ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಬಾರಿ, ಪ್ರತಿ ಹಿಂಡಿಕೆಯ ಮೇಲೂ ಪೂರ್ತಿ ಸಡಿಲ. ಇಷ್ಟನ್ನು ತಜ್ಞರ ಕಣ್ಗಾವಲಿನಲ್ಲಿ ಕನಿಷ್ಠ ಮೂರು ತಿಂಗಳು ಮಾಡಬೇಕು.

ಗಂಡನ ಜೊತೆ ಸೇರುವಾಗಿನ ನೋವನ್ನು ಪತ್ರದಲ್ಲಿ ಬರೆದಿದ್ದೀರಿ, ಎಷ್ಟೋ ಜನ ಡಾಕ್ಟರ ಮುಂದೆಯೂ ನುಂಗಿಕೊಳ್ಳುತ್ತಾರೆ. ನೋವು ಬರುತ್ತದೆಂದು ಮನಸ್ಸು ಹೆದರಿದರೆ ತಳ ಇನ್ನೂ ಬಿಗಿಯುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಸದ್ಯಕ್ಕೆ ನೋವಾಗುವ ಕೂಡುವಿಕೆಯನ್ನು ನಿಲ್ಲಿಸಿ, ಹತ್ತಿರವಿರುವುದನ್ನು ನಿಲ್ಲಿಸಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ನೀರಿನಂಶದ ಲೂಬ್ರಿಕೆಂಟ್ ಸಿಗುತ್ತದೆ. ನಿಮ್ಮ ವಯಸ್ಸಿನಲ್ಲಿ ಹಾರ್ಮೋನು ಇಳಿಯುತ್ತಾ ಒಣಗುವಿಕೆ ಶುರುವಾಗಿರಬಹುದು. ಹಾಗಿದ್ದರೆ ಹಚ್ಚುವ ಈಸ್ಟ್ರೋಜನ್ ಮುಲಾಮು ನಿಮಗೆ ಹೊಂದುತ್ತದೆಯೇ ಎಂದು ಸ್ತ್ರೀರೋಗ ತಜ್ಞರನ್ನೇ ಕೇಳಿ.

ತೂಕದ ಬಗ್ಗೆ ನೀವು ಬರೆದಿಲ್ಲ. ಹೆಚ್ಚಿದ್ದರೆ ಮಾತ್ರ ಈ ಮಾತು: 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸರಾಸರಿ ನೂರಕ್ಕೆ ಎಂಟರಷ್ಟು ತೂಕ ಇಳಿಸಿದವರಲ್ಲಿ ವಾರದ ಸೋರಿಕೆಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಪ್ಯಾಡ್ ಕಟ್ಟಿಕೊಂಡು ಮದುವೆ, ಹಬ್ಬಕ್ಕೆ ಹೋಗುವುದರಲ್ಲಿ ತಪ್ಪಿಲ್ಲ, ಮುಟ್ಟಿನ ಪ್ಯಾಡಿಗಿಂತ ಮೂತ್ರಕ್ಕೆಂದೇ ಇರುವ ಪ್ಯಾಡ್ ಚರ್ಮಕ್ಕೆ ಮೇಲು.

ಕೆಲವಕ್ಕೆ ಥೆರಪಿಸ್ಟ್‌ಗಾಗಿ ಕಾಯಬೇಡಿ. ಮೂತ್ರದಲ್ಲಿ ರಕ್ತ, ಚಳಿಜ್ವರದ ಜೊತೆ ಪಕ್ಕೆ ನೋವು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಕೈಗೆ ಗೆಡ್ಡೆಯಂತೆ ಏನಾದರೂ ಸಿಕ್ಕರೆ ಡಾಕ್ಟರ ಬಳಿ ಬೇಗ ಹೋಗಿ. ಸೊಂಟನೋವಿನ ಜೊತೆ ತೊಡೆಯ ಸಂದಿ ಮರಗಟ್ಟಿದರೆ, ಕಾಲು ಸೋತರೆ, ಮೂತ್ರ ಬರುವುದೇ ನಿಂತರೆ ಅದೇ ದಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇಷ್ಟೆಲ್ಲ ಮಾಡಿಯೂ ಮೂರು ನಾಲ್ಕು ತಿಂಗಳಲ್ಲಿ ಗುಣ ಕಾಣದಿದ್ದರೆ ಮುಂದೆ ದಾರಿಗಳಿವೆ. ಇಳಿದ ಗರ್ಭಕೋಶಕ್ಕೆ ಆಸರೆ ಕೊಡುವ ಪೆಸರಿ ಎಂಬ ಉಂಗುರ, ಅವಸರಕ್ಕೆ ಮಾತ್ರೆ, ಒತ್ತಡದ ಸೋರಿಕೆಗೆ ಮೂತ್ರನಾಳಕ್ಕೆ ಆಸರೆ ಕಟ್ಟುವ ಸಣ್ಣ ಶಸ್ತ್ರಚಿಕಿತ್ಸೆ. ಇವು ಯಾವುದಕ್ಕೂ ಗರ್ಭಕೋಶ ತೆಗೆಯಬೇಕಾಗಿಲ್ಲ, ಅತ್ತಿಗೆಗೂ ಹೇಳಿ.

ಮೊದಲ ಭೇಟಿಗೆ ಹೋಗುವ ಮುನ್ನ ಮೂರು ದಿನದ ಲೆಕ್ಕ ಬರೆದಿಡಿ. ಯಾವ ಹೊತ್ತಿಗೆ ಏನು ಎಷ್ಟು ಕುಡಿದಿರಿ, ಯಾವ ಹೊತ್ತಿಗೆ ಎಷ್ಟು ಮೂತ್ರ ಹೋಯಿತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ ಇಷ್ಟು ಸಾಕು. ಹಳೆಯ ಅಳತೆಯ ಲೋಟವೊಂದನ್ನು ಬಚ್ಚಲಲ್ಲಿ ಇದಕ್ಕೆಂದೇ ಇಟ್ಟುಕೊಳ್ಳಿ. ಶಾಲೆಯಲ್ಲಿ ಅಳೆಯಲು ಆಗದಿದ್ದರೆ ಹೊತ್ತು ಮಾತ್ರ ಗುರುತು ಹಾಕಿ. ಎರಡು ದಿನ ಶಾಲೆಯದಿರಲಿ, ಒಂದು ಭಾನುವಾರವಿರಲಿ. ರಜೆಯ ದಿನಕ್ಕೂ ಕೆಲಸದ ದಿನಕ್ಕೂ ಇರುವ ಅಂತರವನ್ನು ನೋಡಿಯೇ ಅವರು ಯಾವುದರಿಂದ ಶುರು ಮಾಡುವುದೆಂದು ತೀರ್ಮಾನಿಸುತ್ತಾರೆ.